ಹಾಡಿಗೊಂದು ಬಟ್ಟಲು

ಕಳೆದ ವೈಶಾಖದಲ್ಲಿ ಔರಾದಿಗೆ ಒಂದು ಮದುವೆಯ ನಿಮಿತ್ತ ಹೋಗಿದ್ದೆ. ಊಟವಾಗಿ ಚಪ್ಪರದ ನೆರಳಿನಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನಮಸ್ಕರಿಸಿದ. ಬೀದರಿನಲ್ಲಿ ಪದವಿ ಮುಗಿಸಿ ಬೆಂಗಳೂರು ಸೇರಿದವನು. ಈಗ ಅಲ್ಲಿಯೇ ನೌಕರಿ, ಅಲ್ಲಿಯೇ ಮನೆ. ಯೋಗಕ್ಷೇಮದ ಮಾತುಗಳು ಮುಗಿದ ಮೇಲೆ ಅವನು ರಾಜಧಾನಿಯ ಹೊಸ ಶೋಕಿಯೊಂದನ್ನು ನನಗೆ ವರ್ಣಿಸಿ ಹೇಳಿದ. ೨೦೧೦ರ ಈಚೆಗೆ ಬೆಂಗಳೂರಿನಲ್ಲಿ ತಮ್ಮ ಹಂಡೆಯಲ್ಲಿ ತಾವೇ ಬೀರು ತಯಾರಿಸಿ ಅಲ್ಲಿಯೇ ಬಡಿಸುವ ಮನೆಗಳು ಹೆಚ್ಚಿವೆಯಷ್ಟೆ. ಅಲ್ಲಿಂದ ತಂದದ್ದನ್ನು ಇಟ್ಟುಕೊಂಡು ಇವನೂ ಇವನ ಗೆಳೆಯರೂ ಶನಿವಾರ ಸಂಜೆ ಒಬ್ಬರ ಮನೆಯಲ್ಲಿ ಸೇರುತ್ತಾರಂತೆ.

"ಹಳೇ ರೆಕಾರ್ಡ್ ಒಂದು ಹಚ್ಚತೀವ್ರಿ ಸರ್. ಆ ಹಾಡಿಗಿ ಯಾವ ಬೀರ್ ಕೂಡ್ತದ ಅಂತ ಮೊದಲೇ ಠರಾಯಿಸಿರ್ತೀವ್ರಿ" ಎಂದ. ಹೋದ ತಿಂಗಳು ಬೀಟಲ್ಸರ ೧೯೬೯ರ 'ಅಬ್ಬೇ ರೋಡ್' ಹಚ್ಚಿದ್ದರಂತೆ. ಮೊದಲನೆಯ ಮಗ್ಗುಲಿಗೆ ಗೋಧಿಯ ತೆಳು ಬೀರು. ತಟ್ಟೆಯನ್ನು ಮಗುಚಿ ಹಾಕಿದ ಮೇಲೆ ಹುರಿದ ಬಾರ್ಲಿಯ ಕಪ್ಪು ಬೀರು. ಇಂಥದಕ್ಕೆ ಇಂಥದೇ ಏಕೆ ಎಂಬುದಕ್ಕೆ ಅವನ ಬಳಿ ಕಾರಣಗಳೂ ಇದ್ದವು. ನನಗೆ ಬೀರಿನ ಪರಿಚಯವಾಗಲಿ ಬೀಟಲ್ಸರ ಪರಿಚಯವಾಗಲಿ ಹೆಚ್ಚಿಗೆ ಇಲ್ಲ. ಆದರೂ ಮೇಷ್ಟರ ಅಭ್ಯಾಸ, ಸುಮ್ಮನಿರಲಾಗಲಿಲ್ಲ. "ಇದೇನು ಹೊಸಾದಲ್ಲೋ ತಮ್ಮಾ. ಒಂಬೈನೂರು ವರ್ಷದ ಹಿಂದ ನಮ್ಮ ಕಲ್ಯಾಣದಾಗ ರಾಜನೇ ಕುಂತು ಇಂಥಾದ್ದೆಲ್ಲಾ ಬರದಿಟ್ಟಾನ" ಎಂದೆ. ಅವನು ನಕ್ಕ, ನಂಬಿದಂತೆ ತೋರಲಿಲ್ಲ. ಅಂದು ಅವಸರದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಡನ್ನೂ ಮದ್ಯವನ್ನೂ ಜೊತೆಗೂಡಿಸುವುದು ಯಾವ ಒಂದು ನಾಡಿನ ಸೊತ್ತೂ ಅಲ್ಲ. ಇಂದು ನಮ್ಮ ಕಾಲೇಜುಗಳಲ್ಲಿ ಚಹಾ ಬಿಸ್ಕೀಟುಗಳೊಡನೆ ನಡೆಯುವ 'ಸಿಂಪೋಸಿಯಂ' ಎಂಬುದು ಗ್ರೀಕರಲ್ಲಿ ಕೂಡಿ ಕುಡಿಯುವ ಗೋಷ್ಠಿಯೇ ಆಗಿತ್ತು. ಆ ಪದದ ಅರ್ಥವೇ ಅದು. ಪ್ಲೇಟೋ ಬರೆದ ಗೋಷ್ಠಿಯಲ್ಲಿ ಕೊಳಲಿನವಳನ್ನು ಹೊರಗೆ ಕಳಿಸಿ, ಇಂದು ಕುಡಿತ ಮಿತವಾಗಿರಲಿ, ಮಾತನಾಡೋಣ ಎಂದು ನಿಶ್ಚಯಿಸುತ್ತಾರೆ. ಎಂದರೆ ಉಳಿದ ದಿನಗಳಲ್ಲಿ ಏನು ನಡೆಯುತ್ತಿತ್ತೆಂಬುದು ತಾನೇ ತಿಳಿಯುತ್ತದೆ. ಅಮೆರಿಕದವರು ಎದ್ದು ನಿಂತು ಹಾಡುವ ರಾಷ್ಟ್ರಗೀತೆಯ ಮಟ್ಟು ಮೂಲದಲ್ಲಿ ಲಂಡನ್ನಿನ ಒಂದು ಗಾನಸಂಘದವರು ಬಟ್ಟಲು ಹಿಡಿದು ಹಾಡುತ್ತಿದ್ದ ಮಟ್ಟು. ೧೮೧೪ರಲ್ಲಿ ಅದಕ್ಕೆ ಬೇರೆ ಮಾತು ಕೂಡಿತು. ೧೯೩೧ರಲ್ಲಿ ಅದು ರಾಷ್ಟ್ರಗೀತೆಯಾಯಿತು. ಮಟ್ಟಿಗೆ ಮೈಲಿಗೆಯಿಲ್ಲ.

ನಮ್ಮ ಕಾವ್ಯಗಳಿಗೆ ಬರೋಣ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ದಂಡಿಯು ಎಣಿಸುವಾಗ ಉದ್ಯಾನ, ಜಲಕ್ರೀಡೆಗಳ ಸಂಗಡ ಮಧುಪಾನವನ್ನೂ ಸೇರಿಸಿದ್ದಾನೆ. ಆದುದರಿಂದ ಜನ್ಮದಲ್ಲಿ ಹನಿ ಮುಟ್ಟದ ಕವಿಯೂ ಪಾನಗೋಷ್ಠಿಯನ್ನು ವರ್ಣಿಸಬೇಕಾಯಿತು. ಅಂಥ ವರ್ಣನೆಗಳು ಬಹುಮಟ್ಟಿಗೆ ಒಂದರ ನೆರಳು ಒಂದು. ಆದಿಕವಿ ಪಂಪನದು ಮಾತ್ರ ಬೇರೆ ಜಾತಿ. 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ ಅವನು ಚಿತ್ರಿಸುವ ಪಾನಗೋಷ್ಠಿಯಲ್ಲಿ ಹಕ್ಕಿಗಳ ಆಕಾರದ ಬಟ್ಟಲುಗಳಿವೆ, ಕುಡಿದವರ ತೊದಲಿದೆ. ಊರಿನ ಬೀದಿಯಲ್ಲಿ ನಿಂತು ನೋಡಿದವನ ಕಣ್ಣು ಅದು. ಕ್ರಿ.ಶ. ೯೪೧ರಷ್ಟು ಹಿಂದೆಯೇ ನಮ್ಮ ಭಾಷೆಗೆ ಈ ಲೋಕದ ಪರಿಚಯ ಇಷ್ಟರಮಟ್ಟಿಗೆ ಇತ್ತು.

ಇನ್ನು ನಾನು ಆ ಹುಡುಗನಿಗೆ ಹೇಳಿದ ರಾಜನ ವಿಷಯ. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಭೂಲೋಕಮಲ್ಲನೆಂದೂ ಸರ್ವಜ್ಞನೆಂದೂ ಬಿರುದು. ತಂದೆ ಕಟ್ಟಿದ ರಾಜ್ಯವನ್ನು ಕತ್ತಿಯಿಂದ ಕಾಯುವುದಕ್ಕಿಂತ ಕಂಟದಿಂದ ಬರೆಯುವುದರಲ್ಲಿ ಅವನಿಗೆ ಆಸಕ್ತಿ ಹೆಚ್ಚಿದ್ದಂತೆ ಕಾಣುತ್ತದೆ. ಕ್ರಿ.ಶ. ೧೧೨೯ರ ಸುಮಾರಿಗೆ ಅವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ಬರೆದ. ಒಂದೊಂದರಲ್ಲಿ ೨೦ ಅಧ್ಯಾಯಗಳಿರುವ ಐದು ವಿಂಶತಿಗಳು, ಒಟ್ಟು ೧೦೦ ಅಧ್ಯಾಯಗಳು. ಬಡೋದೆಯ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದು ಮೂರು ಸಂಪುಟಗಳಾಗಿ ಅಚ್ಚಾಗಿದೆ. ಆನೆ ಹಿಡಿಯುವುದು, ಅಡಿಗೆ ಮಾಡುವುದು, ಚಿತ್ರ ಬರೆಯುವುದು, ಮೀನಿಗೆ ಗಾಳ ಹಾಕುವುದು, ಎಲ್ಲವೂ ಅಲ್ಲಿವೆ. ಮೊದಲನೆಯ ವಿಂಶತಿಯಲ್ಲಿ ಸುಳ್ಳನ್ನು, ಪರದ್ರೋಹವನ್ನು, ತಿನ್ನಬಾರದ್ದನ್ನು ಬಿಡಬೇಕೆಂದು ಉಪದೇಶಿಸಿದ ರಾಜ ಐದನೆಯ ವಿಂಶತಿಗೆ ಬರುವ ಹೊತ್ತಿಗೆ ಸಾಕಷ್ಟು ಸಡಿಲಾಗಿದ್ದಾನೆ. ಅಲ್ಲಿ ಉಯ್ಯಾಲೆಯಾಟ, ಬೆಳದಿಂಗಳಾಟ, ಮರಳಾಟ, ಒಗಟಿನಾಟಗಳ ನಡುವೆ 'ಮದಿರಾಪಾನಕ್ರೀಡೆ'ಯೂ ಒಂದು. ಕುಡಿತವನ್ನು ಚಟವೆಂದಾಗಲಿ ಪಾಪವೆಂದಾಗಲಿ ನೋಡದೆ, ಹೊತ್ತು ಗೊತ್ತು ಅರಿತು ಆಡುವ ಒಂದು ಆಟವೆಂದು ಅವನು ಗಣಿಸಿದ್ದು ಗಮನಿಸತಕ್ಕದ್ದು.

ಹಾಡಿನ ಮಾತು ನಾಲ್ಕನೆಯ ವಿಂಶತಿಯಲ್ಲಿದೆ. ನನ್ನ ಮಟ್ಟಿಗೆ ಇಡೀ ಗ್ರಂಥದಲ್ಲಿ ಇದಕ್ಕಿಂತ ರುಚಿಯಾದ ಭಾಗವಿಲ್ಲ. ಯಾವ ಹಾಡು ಯಾವ ಸಂದರ್ಭಕ್ಕೆ ಕೂಡುತ್ತದೆಂದು ರಾಜ ಅಲ್ಲಿ ಹೇಳಿದ್ದಾನೆ. ಮದುವೆಗೆ ಧವಲ, ಉತ್ಸವಕ್ಕೆ ಮಂಗಲ, ಕಥೆ ಹೇಳುವುದಕ್ಕೆ ಷಟ್ಪದಿ, ಯೋಗಿಗಳಿಗೆ ಚರ್ಯೆ, ಧಾನ್ಯ ಕುಟ್ಟುವಾಗ ತ್ರಿಪದಿ, ಮರಾಠಿ ನಾಡಿನ ಹೆಂಗಸರು ಕುಟ್ಟುವಾಗ ಹಾಡುವುದು ಓವಿ. ನಮ್ಮ ಹುಡುಗರು ಇಂದು ರೆಕಾರ್ಡಿಗೆ ಬೀರು ಹೊಂದಿಸುವಾಗ ಮಾಡುತ್ತಿರುವುದೂ ಇದೇ ಜಾತಿಯ ಯೋಚನೆಯಲ್ಲವೆ? ಭೇದವೇನೆಂದರೆ ರಾಜನ ಕಿವಿ ಅರಮನೆಯ ಪಡಸಾಲೆಯನ್ನು ದಾಟಿ ಒನಕೆಯ ಸದ್ದಿನವರೆಗೂ ಹೋಗಿತ್ತು.

ಭಾಲ್ಕಿ, ಔರಾದ ತಾಲ್ಲೂಕುಗಳವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಒಂದು ಮನೆಯ ಮಾತು ಕನ್ನಡ, ಪಕ್ಕದ ಮನೆಯ ಮಾತು ಮರಾಠಿ. ೧೯೫೬ರವರೆಗೆ ಉದಗೀರವೂ ನಮ್ಮ ಬೀದರ ಜಿಲ್ಲೆಯೇ ಆಗಿತ್ತು. ಹೆಣ್ಣು ಕೊಟ್ಟು ತರುವುದು ಆ ಮೇಲೂ ನಿಂತಿಲ್ಲ. ಭಾಲ್ಕಿಯ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜಿ ಬೆಳಗಿನ ಜಾವ ಜೋಳ ಬೀಸುವಾಗ, ಉದಗೀರದ ಕಡೆಯಿಂದ ಸೊಸೆಯಾಗಿ ಬಂದ ನೆರೆಮನೆಯಾಕೆ ಕಲ್ಲಿನ ಗೂಟದ ಮೇಲೆ ಇನ್ನೊಂದು ಕೈಯಿಡುತ್ತಿದ್ದಳು. ಅಜ್ಜಿಯದು ತ್ರಿಪದಿ, ಅವಳದು ಓವಿ. ಒಂದೇ ಕಲ್ಲು ತಿರುಗುತ್ತಿತ್ತು. ಒಬ್ಬರು ನಿಲ್ಲಿಸಿದಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಎಂ.ಎ. ತರಗತಿಯಲ್ಲಿ ಮೊದಲ ಸಲ ಮಾನಸೋಲ್ಲಾಸದ ಈ ಭಾಗವನ್ನು ಕೇಳಿದಾಗ ನನಗೆ ಆ ಕಲ್ಲಿನ ಸದ್ದು ಕೇಳಿಸಿತೆಂದರೆ ಅತಿಶಯೋಕ್ತಿಯಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲೂ ಹೋಯಿತು, ಹಾಡೂ ಹೋಯಿತು.

ಇದು ಬರವಣಿಗೆಯ ಮಾತಾಯಿತು. ಹಾಡೂ ಬಟ್ಟಲೂ ನಿಜವಾಗಿ ಒಂದೇ ರಾತ್ರಿ ಕೂಡಿ, ಅದರಿಂದ ಒಂದು ಯುದ್ಧವೇ ಹುಟ್ಟಿದ ಕಥೆ ನಮ್ಮ ಭಾಗದಲ್ಲಿಯೇ ಇದೆ. ಅದನ್ನು ಬರೆದವನು ಫೆರಿಸ್ತಾ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದುಕೊಂಡು, ಘಟನೆ ನಡೆದು ಇನ್ನೂರು ವರ್ಷಕ್ಕೂ ಮೀರಿದ ಮೇಲೆ ಪಾರಸಿಯಲ್ಲಿ ಬರೆದವನಾದುದರಿಂದ ಅವನ ಅಂಕಿಸಂಖ್ಯೆಗಳನ್ನು ಹಾಗೆಯೇ ಒಪ್ಪುವಂತಿಲ್ಲ. ವಿಜಯನಗರದ ಅರಸನ ಹೆಸರನ್ನೂ ಅವನು ಕೃಷ್ಣರಾಯನೆಂದು ತಪ್ಪಾಗಿ ಕೊಟ್ಟಿದ್ದಾನೆ; ಆಗ ಆಳುತ್ತಿದ್ದವನು ಒಂದನೆಯ ಬುಕ್ಕರಾಯ. ಇರಲಿ.

ಕಾಲ ೧೩೬೬ರ ಸುಮಾರು. ಸ್ಥಳ ಕಲಬುರಗಿ, ಆಗಿನ ಬಹಮನಿ ರಾಜಧಾನಿ. ಎರಡನೆಯ ಸುಲ್ತಾನ ಒಂದನೆಯ ಮಹಮ್ಮದ ಶಹನ ಪಾನಗೋಷ್ಠಿ. ದೆಹಲಿಯಿಂದ ಬಂದ ಗಾಯಕರು ಅಮೀರ್ ಖುಸ್ರೋ ರಚಿಸಿದ ಎರಡು ದ್ವಿಪದಿಗಳನ್ನು ಹಾಡಿದರು: ಅರಸರ ಸ್ತುತಿ, ಸಂಭ್ರಮದ ಸ್ತುತಿ, ಸಂಗೀತದ ಸ್ತುತಿ. ಹಾಡು ಬಟ್ಟಲಿಗೆ ಸರಿಯಾಗಿ ಕೂಡಿತು. ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕೂಡಿತು. ಸುಲ್ತಾನನ ಆನಂದಕ್ಕೆ ಮೇರೆಯಿಲ್ಲದಾಯಿತು. ಮುನ್ನೂರು ಮಂದಿ ಗಾಯಕರಿಗೆ ಇನಾಮು ಕೊಡಬೇಕೆಂದು ಅಪ್ಪಣೆ ಮಾಡಿದ. ತನ್ನ ಬೊಕ್ಕಸದಿಂದಲ್ಲ, ವಿಜಯನಗರದ ರಾಯನ ಬೊಕ್ಕಸದಿಂದ! ಮಂತ್ರಿ ಸೈಫುದ್ದೀನ್ ಘೋರಿ ಅನುಭವಸ್ಥ. ಇದು ಅಮಲಿನ ಮಾತೆಂದು ತಿಳಿದು ಹುಂಡಿಯನ್ನು ಬರೆದಂತೆ ಮಾಡಿ, ಕಳಿಸದೆ ಇಟ್ಟುಕೊಂಡ. ಬೆಳಗಾಯಿತು. ಸುಲ್ತಾನ ಎದ್ದವನೇ ಹುಂಡಿ ಹೋಯಿತೇ ಎಂದು ಕೇಳಿದ. ಇಲ್ಲವೆಂದು ತಿಳಿದಾಗ ಸಿಟ್ಟಾಗಿ, ತನ್ನ ಬಾಯಿಂದ ಅರ್ಥವಿಲ್ಲದ ಮಾತು ಬರುವುದುಂಟೇ, ಅದು ಅಮಲಿನಲ್ಲಿ ಕೊಟ್ಟ ಅಪ್ಪಣೆಯಲ್ಲವೆಂದು ಗದರಿದ. ಹುಂಡಿಗೆ ಮುದ್ರೆ ಬಿದ್ದು ಅದು ವಿಜಯನಗರಕ್ಕೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಕುಡುಕನೊಬ್ಬನ ತಮಾಷೆಯೆಂದು ಕಥೆ ಹೇಳುವವರು ನಕ್ಕು ಬಿಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನ ಸಲುವಾಗಿ ಎರಡು ರಾಜ್ಯಗಳಿಗೂ ಜಗಳ ಆಗಲೇ ಇತ್ತು. ಯುದ್ಧಕ್ಕೆ ನೆಪ ಬೇಕಾಗಿತ್ತು. ರಾತ್ರಿ ಬಂದ ಮಾತು ಅಮಲಿನದೇ ಇರಬಹುದು. ಮುಂಜಾನೆಯ ಹಟ ಮಾತ್ರ ಅಮಲಿನದಲ್ಲ.

ಬುಕ್ಕರಾಯನೂ ತಾಳ್ಮೆಯ ಮನುಷ್ಯನಾಗಿರಲಿಲ್ಲ. ಹುಂಡಿ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಪಟ್ಟಣದ ಓಣಿ ಓಣಿಗಳಲ್ಲಿ ಮೆರೆಸಿ ಹಿಂದಕ್ಕೆ ಅಟ್ಟಿದ. ಬಳಿಕ ದಂಡೆತ್ತಿ ಬಂದು ಮುದಗಲ್ಲ ಕೋಟೆಯನ್ನು ಹಿಡಿದ. ಕೋಟೆಯೊಳಗಿದ್ದವರನ್ನು ಹೆಂಗಸರು ಮಕ್ಕಳೆನ್ನದೆ ಕೊಂದರೆಂದು ಫೆರಿಸ್ತಾ ಹೇಳುತ್ತಾನೆ. ಒಬ್ಬ ಮಾತ್ರ ತಪ್ಪಿಸಿಕೊಂಡು ಕಲಬುರಗಿಗೆ ಓಡಿಬಂದು ಸುದ್ದಿ ಹೇಳಿದ. ಅಷ್ಟು ಜನ ಸಾಯುವುದನ್ನು ಕಂಡೂ ಬದುಕಿ ಬಂದವನ ಮುಖ ನೋಡಲಾರೆನೆಂದು ಸುಲ್ತಾನ ಅವನನ್ನೂ ಕೊಲ್ಲಿಸಿದ. ಲಕ್ಷ ತಲೆ ಉರುಳುವವರೆಗೆ ಕತ್ತಿಯನ್ನು ಒರೆಗೆ ಸೇರಿಸೆನೆಂದು ಆಣೆ ಮಾಡಿದ. ಮುಂದೆ ನಡೆದದ್ದನ್ನು ವಿವರಿಸಲು ನನಗೆ ಮನಸ್ಸಿಲ್ಲ. ಸತ್ತವರ ಲೆಕ್ಕದಲ್ಲಿ ಫೆರಿಸ್ತಾ ಎಷ್ಟೇ ಕೂಡಿಸಿರಲಿ, ಸತ್ತವರು ಆ ಹಾಡನ್ನು ಕೇಳಿದವರಾಗಿರಲಿಲ್ಲವೆಂಬುದು ನಿಶ್ಚಯ.

ಕೊನೆಗೆ ಸಂಧಿಯ ಮಾತು ಬಂದಾಗ ಸುಲ್ತಾನ ಕೇಳಿದ್ದೇನು? ರಾಜ್ಯವಲ್ಲ, ಆನೆಗಳಲ್ಲ; ಆ ಗಾಯಕರ ಹುಂಡಿ ಸಲ್ಲಬೇಕು ಎಂದ. ರಾಯನ ರಾಯಭಾರಿಗಳು ಒಪ್ಪಿ ಅಲ್ಲಿಯೇ ಹಣ ತೆತ್ತರು. ತೆತ್ತ ಮೇಲೆ ಅವರೊಂದು ಮಾತು ಅರಿಕೆ ಮಾಡಿಕೊಂಡರು: ನಮ್ಮ ನಿಮ್ಮ ಮಕ್ಕಳು ಮರಿಮಕ್ಕಳ ಕಾಲಕ್ಕೂ ಈ ನೆರೆಹೊರೆ ತಪ್ಪಿದ್ದಲ್ಲ, ಆದುದರಿಂದ ಇನ್ನು ಮುಂದೆ ಯುದ್ಧದಲ್ಲಿ ಆಯುಧ ಹಿಡಿಯದ ಪ್ರಜೆಗಳನ್ನು ಕೊಲ್ಲುವುದು ಬೇಡ ಎಂದು. ಸುಲ್ತಾನ ಒಪ್ಪಿದ. ಅಂದಿನಿಂದ ದಕ್ಷಿಣದಲ್ಲಿ ಸೆರೆಯಾದವರನ್ನೂ ನಿರಾಯುಧರನ್ನೂ ಕೊಲ್ಲದಿರುವ ಪದ್ಧತಿ ಬಂದಿತೆಂದು ಫೆರಿಸ್ತಾ ಬರೆಯುತ್ತಾನೆ. ಪದ್ಧತಿ ಎಲ್ಲ ಯುದ್ಧಗಳಲ್ಲಿಯೂ ನಡೆಯಲಿಲ್ಲವೆಂಬುದು ಬೇರೆ ಮಾತು. ಆ ರಾಯಭಾರಿಗಳ ಹೆಸರು ಪಠ್ಯಪುಸ್ತಕದಲ್ಲಿಲ್ಲ, ಇರಬೇಕಾಗಿತ್ತು.

ಬಹಮನಿ ರಾಜಧಾನಿ ಹದಿನೈದನೆಯ ಶತಮಾನದಲ್ಲಿ ಬೀದರಿಗೆ ಬಂದಿತು. ಬಟ್ಟಲೂ ಬೆನ್ನಿಗೇ ಬಂದಿತು. ಮಹಮೂದ ಗವಾನನ ಕೊಲೆಯ ಕಥೆ ನಮ್ಮ ಊರಿನ ಮಕ್ಕಳಿಗೂ ಗೊತ್ತು. ೧೪೭೨ರಲ್ಲಿ ಆತ ಕಟ್ಟಿಸಿದ ಮದರಸಾದ ಮುಂದೆಯೇ ನಾನು ದಿನವೂ ಹಾಯ್ದು ಹೋಗುತ್ತೇನೆ. ಆದರೆ ಆ ಕೊಲೆಯಲ್ಲಿ ಬಟ್ಟಲು ಎರಡು ಸಲ ಬಂದಿತೆಂಬುದನ್ನು ಬಹು ಜನ ಗಮನಿಸಿಲ್ಲ. ವೈರಿಗಳು ಮೊದಲು ಗವಾನನ ಮುದ್ರೆ ಕಾಯುವ ಆಳಿಗೆ ಕುಡಿಸಿ, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಬಳಿಕ ಅದರ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ದ್ರೋಹದ ಪತ್ರ ಬರೆದು, ಸುಲ್ತಾನ ಮೂರನೆಯ ಮಹಮ್ಮದ ಶಹ ಕುಡಿದ ಹೊತ್ತು ನೋಡಿ ಮುಂದಿಟ್ಟರು. ೧೪೮೧ರ ಏಪ್ರಿಲ್ ೫ರಂದು ವೃದ್ಧ ಮಂತ್ರಿಯ ತಲೆ ಹೋಯಿತು. ಮರುವರ್ಷವೇ ಸುಲ್ತಾನನೂ ಹೋದ. ಅವನ ಮಗ ಮಹಮೂದ ಶಹನು ೧೫೧೮ರವರೆಗೆ ಹೆಸರಿಗೆ ಆಳಿದ. ಉತ್ತರದಿಂದಲೂ ಪರ್ಷಿಯಾದಿಂದಲೂ ಗಾಯಕರು ಅವನ ಗೋಷ್ಠಿಗೆ ಬರುತ್ತಿದ್ದರು, ತರಫುದಾರರೆಲ್ಲ ಒಬ್ಬೊಬ್ಬರಾಗಿ ಸ್ವತಂತ್ರರಾಗುತ್ತಿದ್ದರು. ಕೋಟೆಯ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸವನ್ನೂ ಬಿದರಿಯ ಸುರಾಹಿಗಳನ್ನೂ ನೋಡುವಾಗ ಆ ಸಂಜೆಗಳ ಸೊಬಗು ಕಣ್ಣಿಗೆ ಕಟ್ಟುತ್ತದೆ. ಸೊಬಗಿಲ್ಲವೆಂದು ನಾನೇನೂ ಹೇಳುತ್ತಿಲ್ಲ.

ಇಷ್ಟು ಹೊತ್ತೂ ನಾವು ಕುಡಿಯುವವರ ಪಡಸಾಲೆಯಲ್ಲಿಯೇ ಕುಳಿತಿದ್ದೇವೆ. ಹೆಂಡವನ್ನು ಇಳಿಸುವವನು, ಹೊತ್ತು ತರುವವನು, ಮಾರುವವನು ಎಲ್ಲಿದ್ದ? ಅವನೂ ಹಾಡಿದನೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ಕಲ್ಯಾಣಕ್ಕೇ ಹೋಗಬೇಕು.

ಸೋಮೇಶ್ವರ ತೀರಿಕೊಂಡದ್ದು ೧೧೩೮ರಲ್ಲಿ. ಅಲ್ಲಿಂದ ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ, ಬಿಜ್ಜಳನ ಆಳಿಕೆಯಲ್ಲಿ, ಬಸವಣ್ಣನವರ ಸುತ್ತ ಶರಣರು ನೆರೆದರು. ಅವರಲ್ಲಿ ಒಬ್ಬ ಹೆಂಡದ ಮಾರಯ್ಯ. ಕಾಯಕ ಹೆಂಡ ಮಾರುವುದು. ವಚನಗಳ ಅಂಕಿತ ಧರ್ಮೇಶ್ವರಲಿಂಗ. ಉಳಿದಿರುವ ವಚನಗಳು ಬೆರಳೆಣಿಕೆಯಷ್ಟು. ತನ್ನ ಕಸುಬಿನ ಭಾಷೆಯಲ್ಲಿಯೇ ಅವನು ತತ್ತ್ವ ಹೇಳುತ್ತಾನೆ: ಭಾಜನ, ಸುಧೆ, ಕೊಳ್ಳುವವರು, ಮಾರುವವರು. ತಾನು ಮಾರಲು ತಂದ ಸುಧೆಯನ್ನು ಕೊಳ್ಳುವವರೇ ಇಲ್ಲವಲ್ಲ ಎಂಬ ಕೊರಗು ಒಂದು ವಚನದಲ್ಲಿದೆ. ಅಂಗಡಿಯಲ್ಲಿ ಜನ ಕಿಕ್ಕಿರಿದು ನಿಂತಿದ್ದಾಗಲೂ ಅವನು ಒಬ್ಬಂಟಿಯಾಗಿ ಇದನ್ನು ಯೋಚಿಸಿರಬೇಕು. ಮಾರಯ್ಯನನ್ನು ಸೋಮೇಶ್ವರನ ಎದುರಿಗೆ ಇಟ್ಟು ಓದಿದವರು ಕಡಿಮೆ. ಒಬ್ಬ ರಾಜ ಸಂಸ್ಕೃತದಲ್ಲಿ, ಬಟ್ಟಲಿನ ಈಚೆ ಕಡೆಯಿಂದ ಬರೆದ. ಒಬ್ಬ ಹೆಂಡಗಾರ ಕನ್ನಡದಲ್ಲಿ, ಗಡಿಗೆಯ ಆಚೆ ಕಡೆಯಿಂದ ಮಾತನಾಡಿದ. ಊರು ಒಂದೇ. ಪಾನದ ಚರಿತ್ರೆಯಲ್ಲಿ ಮಾರುವವನ ದನಿ ಇಷ್ಟು ಹಿಂದಿನದು ಬೇರೆ ನಾಡುಗಳಲ್ಲಿ ಸುಲಭವಾಗಿ ಸಿಕ್ಕದು.

ಮಾರಯ್ಯನ ಬಳಿಕ ಶತಮಾನಗಳ ಕಾಲ ಮತ್ತೆ ಆ ದನಿಯಿಲ್ಲ. ನಿಜಾಮರ ಕಾಲಕ್ಕೆ ಬಂದರೆ ಸಿಗುವುದು ಅಬಕಾರಿ ಇಲಾಖೆಯ ಕಡತ. ಈಚಲು ಗಿಡದ ಸಿಂದಿ, ಇಪ್ಪೆಹೂವಿನ ಸಾರಾಯಿ, ಎರಡರಿಂದಲೂ ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಉತ್ಪನ್ನವಿತ್ತು. ಅಂಗಡಿಗಳನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತೇದಾರ ಎಂಬ ಅಡ್ಡಹೆಸರು ನಮ್ಮ ಕಡೆ ಇಂದಿಗೂ ಉಂಟು. ಗಿಡ ಹತ್ತುವ ಈಳಿಗೇರರಿಗೂ ಕಲಾಲರಿಗೂ ಉಳಿಯುತ್ತಿದ್ದದ್ದು ಎದೆಯ ಮೇಲಿನ ತರಚು ಗಾಯ. ಆ ಉತ್ಪನ್ನ ಎಷ್ಟು ಮುಖ್ಯವಾಗಿತ್ತೆಂದರೆ, ೧೯೪೭ರಲ್ಲಿ ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸು ಭಾರತಕ್ಕೆ ಸೇರುವ ಚಳವಳಿಯನ್ನು ಹೂಡಿದಾಗ ಸಿಂದಿ ಗಿಡಗಳನ್ನು ಕಡಿಯುವುದೂ ಒಂದು ಕಾರ್ಯಕ್ರಮವಾಯಿತು. ಹಾಡುತ್ತ ಪ್ರಭಾತಫೇರಿ ತೆಗೆದವರೇ ಹಗಲು ಕೊಡಲಿ ಹಿಡಿದರು. ಹಾಡಿಗೂ ಸಿಂದಿಗೂ ಹೀಗೊಂದು ಬಗೆಯ ಸಂಬಂಧವೂ ಆಗಿಹೋಗಿದೆ.

ನನ್ನ ಸೋದರಮಾವ ಒಬ್ಬರಿದ್ದರು. ಏಕತಾರಿ ಹಿಡಿದು ತತ್ತ್ವಪದಕ್ಕೆ ಕುಳಿತರೆ ಭಾಲ್ಕಿಯ ಸುತ್ತಿನ ಹಳ್ಳಿಗಳಿಂದ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಾನು ಚಿಕ್ಕವನಿದ್ದಾಗ ಅವರು ಸಿಂದಿ ಕುಡಿಯುತ್ತಿದ್ದರು. ಹೊಟ್ಟೆಗೆ ಬಿದ್ದರೇ ದನಿ ಏರುವುದೆಂದು ಭಜನೆಯವರೇ ತಂದು ಕೊಡುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಚೀಲದ ಸಾರಾಯಿ ಬಂತು. ಸಾರಾಯಿ ಅಂಗಡಿಯಲ್ಲಿ ದಿನವಿಡೀ ಟೇಪ್ ರೆಕಾರ್ಡರು ಹಾಡುತ್ತಿತ್ತು, ಮಾವನವರು ಹಾಡುವುದು ಕಡಿಮೆಯಾಗುತ್ತ ಬಂತು. ಕೊನೆಯ ಎರಡು ವರ್ಷ ದನಿಯೇ ಇರಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು ೨೦೦೭ರ ಜುಲೈ ೧ರಂದು. ಅವರು ತೀರಿಕೊಂಡದ್ದು ಅದಕ್ಕೆ ಮೊದಲಿನ ಚಳಿಗಾಲದಲ್ಲಿ. ಅತ್ತೆ ಇಂದಿಗೂ ಆ ಜುಲೈ ತಿಂಗಳನ್ನು ನೆನೆಯುತ್ತಾರೆ, "ಆರು ತಿಂಗಳು ಮೊದಲ ಮಾಡಿದ್ರ ಸರಕಾರದ ಗಂಟೇನು ಹೋಗ್ತಿತ್ತು?" ಎಂದು ಕೇಳುತ್ತಾರೆ. ನಿಷೇಧದಿಂದ ಕುಡಿತ ನಿಲ್ಲಲಿಲ್ಲವೆಂದು ನಾನು ಅವರಿಗೆ ವಾದ ಹೇಳಿಲ್ಲ.

ಆ ಮದುವೆಯ ಸಂಜೆ ಔರಾದಿನ ಚಪ್ಪರದಲ್ಲಿ ಹೆಣ್ಣಿನ ಕಡೆಯ ಮುದುಕಿಯರು ಸೋಬಾನೆ ಎತ್ತಿದರು. ಸೋಮೇಶ್ವರನಾದರೆ ಇದನ್ನು ಧವಲವೆಂದು ಕರೆಯುತ್ತಿದ್ದನೋ ಏನೋ. ನಡುವೆ ಒಬ್ಬಾಕೆ ಮರಾಠಿಗೆ ಹೊರಳಿದಳು, ಯಾರೂ ತಡೆಯಲಿಲ್ಲ. ನನ್ನ ವಿದ್ಯಾರ್ಥಿ ಮೊಬೈಲಿನಲ್ಲಿ ಅದನ್ನು ಹಿಡಿದುಕೊಳ್ಳುತ್ತಿದ್ದ. ಹಾಡು ನಿಂತಾಗ ನನ್ನ ಕಡೆ ತಿರುಗಿ, "ಇದಕ್ಕೇನು ಕೂಡ್ತದ್ರಿ ಸರ್?" ಎಂದ. ಅಷ್ಟರಲ್ಲಿ ಒಬ್ಬ ಹುಡುಗ ಹಿತ್ತಾಳೆಯ ತಟ್ಟೆಯಲ್ಲಿ ಚಹಾ ತಂದ. ಬಸಿಗೆ ಸುರಿದುಕೊಂಡು ಆರಿಸುತ್ತ, ಆ ಮುದುಕಿಯರಿಗೆ ಮೊದಲು ಕೊಡು ಎಂದು ನಾನು ಹುಡುಗನಿಗೆ ಹೇಳಿದೆ.